ಕಾಲು ಮರಗಟ್ಟಿದೆ ಅಂತಾರೆ, ಅದೇ ಕಾಲು ರಾತ್ರಿಯೆಲ್ಲಾ ಉರಿಯುತ್ತೆ ಅಂತಾರೆ, ಎರಡೂ ಒಟ್ಟಿಗೆ ಹೇಗೆ?

ತಿಪಟೂರು_ತೆಂಗು

ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ ಶುಗರ್ ಬಂದು ತುಂಬಾ ವರ್ಷ ಆಯ್ತು, ಮಾತ್ರೆ ತಪ್ಪಿಸಲ್ಲ ಆದ್ರೆ ಊಟದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಈಚೆಗೆ ಪಾದ ಉರಿ ಉರಿ ಅಂತಾರೆ, ಅದೂ ರಾತ್ರಿ ಮಲಗಿದ ಮೇಲೇ ಜಾಸ್ತಿ, ಹೊದಿಕೆ ತಾಗಿದ್ರೂ ತಡ್ಕೊಳೋಕೆ ಆಗಲ್ಲ, ಎದ್ದು ಬಚ್ಚಲಿಗೆ ಹೋಗಿ ಕಾಲಿಗೆ ತಣ್ಣೀರು ಹುಯ್ಕೊಂಡು ಬರ್ತಾರೆ. ಅದೇ ಮನುಷ್ಯ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಚಪ್ಪಲಿ ಕಾಲಿಂದ ಕಳಚಿದ್ರೂ ಗೊತ್ತಾಗದೆ ಬರಿಗಾಲಲ್ಲಿ ಹೋಗ್ತಾ ಇರ್ತಾರೆ, ಹಿಂದೆ ಇರೋರು ಕೂಗಿ ಹೇಳ್ಬೇಕು. ಹೋದ ವಾರ ಅಂಗಾಲಲ್ಲಿ ಮುಳ್ಳು ಮುರಿದು ಕೂತಿತ್ತು, ಅಮ್ಮ ನೋಡಿ ತೆಗೆದ್ರು, ಅಪ್ಪಂಗೆ ಅದು ಚುಚ್ಚಿದ್ದೇ ಗೊತ್ತಿಲ್ಲ.

ಈಗ ನನಗೆ ತಲೆ ಕೆಟ್ಟಿರೋದು ಇಷ್ಟೇ. ಕಾಲಲ್ಲಿ ಸ್ಪರ್ಶವೇ ಹೋಗಿದ್ರೆ ಉರಿ ಎಲ್ಲಿಂದ ಬರ್ಬೇಕು? ಉರಿ ಗೊತ್ತಾಗೋಷ್ಟು ಜೀವ ನರದಲ್ಲಿ ಇದ್ರೆ ಮುಳ್ಳು ಯಾಕೆ ಗೊತ್ತಾಗಲ್ಲ? ನಮ್ಮ ಸಂಬಂಧಿಕರೊಬ್ರು ಇದೆಲ್ಲಾ ಮನಸಿನ ಭ್ರಮೆ, ವಯಸ್ಸಾದ್ಮೇಲೆ ಹಾಗೆ ಅಂದ್ಬಿಟ್ರು, ಅಪ್ಪ ಅವತ್ತಿಂದ ನೋವು ಹೇಳ್ಕೊಳೋದೇ ಬಿಟ್ಟಿದಾರೆ, ನನಗೆ ಅದು ತುಂಬಾ ಬೇಜಾರಾಗಿದೆ. ಡಾಕ್ಟ್ರ ಹತ್ರ ತೋರಿಸ್ತಾ ಇದೀವಿ, ಇಲ್ಲಿ ಔಷಧಿ ಕೇಳ್ತಿಲ್ಲ, ಒಳಗೆ ಏನಾಗ್ತಿದೆ ಅಂತ ಅರ್ಥ ಆಗ್ಬೇಕು. ಎನ್‌ಸಿವಿ ಟೆಸ್ಟ್ ಕೂಡ ಬರೆದುಕೊಟ್ಟಿದಾರೆ, ಅದು ಏನಕ್ಕೆ ಅಂತಾನೂ ಗೊತ್ತಿದ್ರೆ ಹೇಳಿ.

ಬಯಾಲಜಿ_ಮೇಷ್ಟ್ರು

ಮೊದ್ಲು ಮನೇಲಿ ಎಲ್ರಿಗೂ ಹೇಳಿ, ನಿಮ್ಮ ತಂದೆ ಹೇಳ್ತಿರೋದು ಎರಡೂ ನಿಜ. ಭ್ರಮೆ ಅಲ್ಲ, ಸಕ್ಕರೆ ಕಾಯಿಲೆಯಲ್ಲಿ ನರ ಹಾಳಾದಾಗ ನೋಡೋಕೆ ಸಿಗೋ ತೀರಾ ಸಾಮಾನ್ಯ ಚಿತ್ರ ಇದು. ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಪಿಯು ಪುಸ್ತಕದಲ್ಲಿ ಒಂದು ನ್ಯೂರಾನ್ ಚಿತ್ರ ಹಾಕಿ ಮುಂದೆ ಹೋಗ್ಬಿಡ್ತಾರೆ, ನಿಮ್ಮ ಪ್ರಶ್ನೆಗೆ ಉತ್ತರ ಆ ಚಿತ್ರದಲ್ಲಿ ಸಿಗಲ್ಲ.

ಕಾಲಿಗೆ ಹೋಗೋ ನರ ಅಂದ್ರೆ ಒಂದು ಎಳೆ ಅಲ್ಲ, ಒಳಗೆ ಸಾವಿರಾರು ಎಳೆ ಇರುತ್ತೆ, ಒಂದೊಂದೂ ಒಂದೊಂದು ಜೀವಕೋಶದ ಬಾಲ. ಅವುಗಳ ದಪ್ಪ ಬೇರೆ, ವೇಗ ಬೇರೆ, ತರೋ ಸುದ್ದಿನೂ ಬೇರೆ. ದಪ್ಪ ಎಳೆಗಳ ಸುತ್ತ ಮಯಲಿನ್ ಅನ್ನೋ ಕೊಬ್ಬಿನ ಹೊದಿಕೆ ಇರುತ್ತೆ, ಮುಟ್ಟಿದ್ದು, ಒತ್ತಿದ್ದು, ಕಂಪನ, ಕಾಲು ಈಗ ಯಾವ ಭಂಗಿಯಲ್ಲಿದೆ ಅನ್ನೋದು ಇವುಗಳ ಕೆಲಸ, ವೇಗ ಸೆಕೆಂಡಿಗೆ 35 ಮೀಟರಿಂದ 100 ಮೀಟರ್ ದಾಟೋವರೆಗೂ ಇದೆ. ಸಣ್ಣ ಎಳೆಗಳಲ್ಲಿ ಎರಡು ಥರ. ಒಂದು ತೆಳು ಹೊದಿಕೆ ಇರೋದು, ಚುರುಕ್ ಅನ್ನೋ ಚೂಪು ನೋವು ತರುತ್ತೆ. ಇನ್ನೊಂದಕ್ಕೆ ಹೊದಿಕೆನೇ ಇಲ್ಲ, ಸಿ ಫೈಬರ್ ಅಂತಾರೆ, ವೇಗ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್ ಅಷ್ಟೇ, ಉರಿ ಮತ್ತೆ ಮಂದ ನೋವು ಇದರಲ್ಲೇ ಬರೋದು. ಕಾಲ್ಬೆರಳು ಹೊಸಿಲಿಗೆ ಎಡವಿದಾಗ ಮೊದ್ಲು ಚುರುಕ್ ಅಂತ ಒಂದು, ಅದಾಗಿ ಒಂದು ಕ್ಷಣ ಬಿಟ್ಟು ಜುಮ್ಮಂತ ಕೊರೆಯೋ ನೋವು ಇನ್ನೊಂದು ಬರುತ್ತಲ್ಲ, ಅದು ಎರಡು ಬೇರೆ ಎಳೆಗಳ ಸುದ್ದಿ ಬೇರೆ ಬೇರೆ ಹೊತ್ತಿಗೆ ಮೇಲೆ ತಲುಪಿದ್ದು. ಎಳೆಗಳಲ್ಲಿ ಹೀಗೆ ಜಾತಿ ಬೇರೆ ಬೇರೆ ಇದೆ ಅಂತ ತೋರಿಸಿದ್ದಕ್ಕೆ ಎರ್ಲಾಂಗರ್ ಮತ್ತೆ ಗ್ಯಾಸರ್ ಇಬ್ರಿಗೆ 1944ರಲ್ಲಿ ನೊಬೆಲ್ ಬಂತು.

ಹಾಗಾಗಿ ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ: ಚಪ್ಪಲಿ ಕಳಚಿದ್ದನ್ನ ಹೇಳ್ಬೇಕಿದ್ದ ದಪ್ಪ ಎಳೆಗಳು ಸುಮ್ಮನಾಗಿವೆ. ಮುಳ್ಳು ಚುಚ್ಚಿದ್ದನ್ನ ಹೇಳ್ಬೇಕಿದ್ದ ಸಣ್ಣ ಎಳೆಗಳಲ್ಲೂ ಚರ್ಮದವರೆಗೆ ಹೋಗೋ ತುದಿಗಳು ಒಣಗಿಹೋಗಿವೆ. ಆದ್ರೆ ತುದಿ ಹೋದ್ರೂ ಎಳೆ ಪೂರ್ತಿ ಸತ್ತಿಲ್ಲ, ಉಳಿದ ಭಾಗ ಗಾಯಗೊಂಡು ತನ್ನಷ್ಟಕ್ಕೆ ತಾನೇ ಕೂಗ್ತಾ ಇದೆ.

ಈ ತನ್ನಷ್ಟಕ್ಕೆ ಕೂಗೋದು ಹೇಗೆ ಅಂತ ನೋಡಿ. ಸುಮ್ನೆ ಇರೋ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಮ್ಮಿ ಇರುತ್ತೆ, ಪೊರೆಯಲ್ಲಿರೋ ಪಂಪು ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆ ಎಳ್ಕೊಂಡು ಹಗಲೂ ರಾತ್ರಿ ಈ ವ್ಯತ್ಯಾಸಕ್ಕೆ ದುಡೀತಾ ಇರುತ್ತೆ. ಏನಾದ್ರೂ ತಾಗಿ ಆ ವ್ಯತ್ಯಾಸ ಒಂದು ಮಟ್ಟಕ್ಕೆ ಇಳಿದ್ರೆ ಸೋಡಿಯಂ ಬಾಗಿಲುಗಳು ತೆರ್ಕೊಂಡು ಸೋಡಿಯಂ ಒಳಗೆ ನುಗ್ಗುತ್ತೆ, ಒಂದು ಮಿಲಿಸೆಕೆಂಡ್ ಹೊತ್ತು ಲೆಕ್ಕ ತಿರುವು ಮುರುವು ಆಗುತ್ತೆ, ಅದು ಪಕ್ಕದ ಬಾಗಿಲನ್ನ ತೆಗೆಸುತ್ತೆ, ಹೀಗೆ ಉದ್ದಕ್ಕೂ ಓಡುತ್ತೆ. ಹಾಡ್ಜ್‌ಕಿನ್ ಮತ್ತೆ ಹಕ್ಸ್‌ಲಿ ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ಇದನ್ನ ಅಳೆದು 1952ರಲ್ಲಿ ಗಣಿತದ ಸಮೀಕರಣ ಸಮೇತ ಬರೆದ್ರು, 1963ರಲ್ಲಿ ನೊಬೆಲ್. ಆ ಪೇಪರ್‌ಗಳನ್ನ ಈಗ ಓದಿದ್ರೂ ಮೈ ಜುಂ ಅನ್ನುತ್ತೆ, ಆ ಬಾಗಿಲುಗಳನ್ನ ಯಾರೂ ಕಣ್ಣಲ್ಲಿ ನೋಡಿರದ ಕಾಲದಲ್ಲಿ ಅವು ಹೇಗೆ ತೆರೀಬೇಕು ಅಂತ ಲೆಕ್ಕ ಹಾಕಿಟ್ಟಿದ್ರು.

ಇಲ್ಲಿ ಮುಖ್ಯ ಸಂಗತಿ ಏನಂದ್ರೆ, ಈ ಸಂಕೇತ ಎಲ್ಲಾ ಎಳೆಯಲ್ಲೂ ಒಂದೇ ಥರ. ಮುಟ್ಟಿದ್ದಕ್ಕೆ ಒಂದು ಆಕಾರ, ಸುಟ್ಟಿದ್ದಕ್ಕೆ ಇನ್ನೊಂದು ಆಕಾರ ಅಂತ ಇಲ್ಲ. ಮೆದುಳು ನೋಡೋದು ಯಾವ ಎಳೆಯಲ್ಲಿ ಬಂತು, ಎಷ್ಟು ಬಿರುಸಾಗಿ ಬಂತು ಅಂತ ಮಾತ್ರ. ಉರಿಯ ಎಳೆಯಲ್ಲಿ ಬಂದ್ರೆ ಅದು ಉರಿ, ಅಷ್ಟೇ, ಆ ಎಳೆ ಪಾದದ ತುದಿಯಿಂದ ಕೂಗಿತೋ ಮೊಣಕಾಲ ಹತ್ರದಿಂದ ಕೂಗಿತೋ ಮೆದುಳಿಗೆ ತಿಳಿಯೋ ದಾರಿ ಇಲ್ಲ. ಮೆಣಸಿನಕಾಯಿ ಹೆಚ್ಚಿದ ಕೈ ಗಂಟೆಗಟ್ಲೆ ಉರಿಯುತ್ತಲ್ಲ, ಕೈ ಮುಟ್ಟಿ ನೋಡಿದ್ರೆ ಬಿಸಿ ಇರಲ್ಲ. ಸುಮಾರು 43 ಡಿಗ್ರಿ ದಾಟಿದ ಶಾಖಕ್ಕೆ ತೆರ್ಕೊಳೋ ಒಂದು ಬಾಗಿಲು ಈ ಸಣ್ಣ ಎಳೆಗಳ ತುದಿಯಲ್ಲಿದೆ, ಮೆಣಸಿನ ಖಾರದ ಅಂಶ ಬಂದು ಅದೇ ಬಾಗಿಲನ್ನ ತೆಗೆಯುತ್ತೆ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ಲ್ಯಾಬ್ ಇದನ್ನ ಕಂಡುಹಿಡೀತು, 2021ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ತು. ನಿಮ್ಮ ತಂದೆಗೆ ಮೆಣಸೂ ಇಲ್ಲ ಬೆಂಕಿಯೂ ಇಲ್ಲ, ಎಳೆಯೇ ಹಾಳಾಗಿ ಕೂಗ್ತಿದೆ, ಆದ್ರೆ ಮೆದುಳಿಗೆ ಮುಟ್ಟೋ ಸುದ್ದಿ ಮಾತ್ರ ನಿಜವಾಗ್ಲೂ ಸುಟ್ಟಾಗ ಬರೋ ಸುದ್ದಿಯೇ. ಅದಕ್ಕೇ ಭ್ರಮೆ ಅನ್ನೋರ ಮೇಲೆ ನನಗೆ ಸಿಟ್ಟು ಬರುತ್ತೆ.

ಪಾದಕ್ಕೇ ಯಾಕೆ ಮೊದ್ಲು ಬರುತ್ತೆ ಅಂದ್ರೆ, ಹೆಬ್ಬೆರಳಿಗೆ ಹೋಗೋ ಎಳೆಯ ಕೋಶ ಇರೋದು ಸೊಂಟದ ಹತ್ರ ಬೆನ್ನುಹುರಿ ಪಕ್ಕದ ಒಂದು ಗಂಟಿನಲ್ಲಿ. ಕೋಶದ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಇದ್ರೆ ಹೆಚ್ಚು, ಬಾಲದ ಉದ್ದ ಒಂದು ಮೀಟರ್ ಹತ್ರ. ತುದಿಗೆ ಬೇಕಾದ ಹೆಚ್ಚಿನ ಪ್ರೋಟೀನ್ ಎಲ್ಲಾ ಸೊಂಟದಲ್ಲೇ ತಯಾರಾಗಿ ಎಳೆಯೊಳಗೇ ಸಾಗಿ ಬರ್ಬೇಕು, ಬೇಗ ಸಾಗೋ ಸಾಮಾನು ದಿನಕ್ಕೆ 400 ಮಿಲಿಮೀಟರ್‌ವರೆಗೆ ಸಾಗುತ್ತೆ, ನಿಧಾನದ್ದು ದಿನಕ್ಕೆ ಕೆಲವೇ ಮಿಲಿಮೀಟರ್, ತಲುಪೋಕೆ ತಿಂಗಳುಗಟ್ಲೆ ಬೇಕು. ಸಕ್ಕರೆ ಜಾಸ್ತಿ ಇದ್ರೆ ನರಕೋಶ ಬೇಡ ಅನ್ನೋ ಹಾಗಿಲ್ಲ, ಇನ್ಸುಲಿನ್ ಇಲ್ದೆನೂ ಒಳಗೆ ಬರುತ್ತೆ, ಬಂದು ಕೋಶದ ಕೆಲಸ ಕೆಡಿಸುತ್ತೆ, ನರಕ್ಕೆ ರಕ್ತ ಕೊಡೋ ಕೂದಲೆಳೆಯಂಥ ರಕ್ತನಾಳಗಳೂ ಕಟ್ಟಿಕೊಳ್ತಾ ಬರ್ತವೆ. ನಾಲೆಯಲ್ಲಿ ನೀರು ಕಮ್ಮಿ ಬಿಟ್ರೆ ಕೊನೆ ಭಾಗದ ರೈತರ ಗದ್ದೆ ಮೊದ್ಲು ಒಣಗೋ ಹಾಗೆ ಉದ್ದದ ಎಳೆಯ ತುದಿ ಮೊದ್ಲು ಒಣಗುತ್ತೆ. ಬೆರಳು, ಪಾದ, ಹಾಗೇ ಕಾಲುಚೀಲ ಹಾಕಿದ ಜಾಗದಷ್ಟು ಮೇಲೇರ್ತಾ ಮೊಣಕಾಲ ಹತ್ರ ಬರೋ ಹೊತ್ತಿಗೆ ಕೈಬೆರಳಿನ ತುದಿಯಲ್ಲೂ ಶುರುವಾಗುತ್ತೆ, ಯಾಕಂದ್ರೆ ಕೈಗೆ ಹೋಗೋ ಎಳೆಗಳ ಉದ್ದ ಸುಮಾರು ಅಷ್ಟೇ.

ರಾತ್ರಿ ಯಾಕೆ ಜಾಸ್ತಿ ಅನ್ನೋದಕ್ಕೂ ಇದರಲ್ಲೇ ಸುಳಿವಿದೆ. ಏಟು ಬಿದ್ದ ಕಡೆ ಉಜ್ಜಿದ್ರೆ ನೋವು ಕಮ್ಮಿ ಆಗುತ್ತಲ್ಲ, ದಪ್ಪ ಎಳೆಗಳ ಸುದ್ದಿ ಬೆನ್ನುಹುರಿಯಲ್ಲಿ ಸಣ್ಣ ಎಳೆಗಳ ನೋವನ್ನ ಅದುಮುತ್ತೆ, ಮೆಲ್ಜಾಕ್ ಮತ್ತೆ ವಾಲ್ 1965ರಲ್ಲಿ ಹೇಳಿದ್ದು ಈ ಮಾತನ್ನ. ಮುಂದೆ ವಿವರ ಸಾಕಷ್ಟು ಬದಲಾಯ್ತು, ಮೂಲ ವಿಚಾರ ನಿಂತಿದೆ. ಹಗಲು ನಡೀತಾ ಓಡಾಡ್ತಾ ಅಳಿದುಳಿದ ದಪ್ಪ ಎಳೆಗಳು ಕೆಲಸ ಮಾಡ್ತವೆ, ಮನಸ್ಸೂ ಬೇರೆ ಕಡೆ ಇರುತ್ತೆ. ಮಲಗಿದ್ಮೇಲೆ ಅದ್ಯಾವುದೂ ಇಲ್ಲ, ಉರಿಯೊಂದೇ ಉಳಿಯುತ್ತೆ.

ಹುಬ್ಬಳ್ಳಿ_ಮಂದಿ

ಮೇಷ್ಟ್ರ ಭಾಳ ಚಲೋ ಬರದೀರಿ. ನಮ್ಮ ಅವ್ವಗೂ ಇದ ಆಗಿತ್ರಿ. ಬ್ಯಾಸಗಿ ಒಳಗ ಗುಡಿಗೆ ಹೋಗಿದ್ವಿ, ಮಟಮಟ ಮಧ್ಯಾಹ್ನ, ಹಾಸಗಲ್ಲು ಅಷ್ಟ ಕಾದಿದ್ವು, ನಾವೆಲ್ಲಾ ಒಂಟಿಗಾಲಿಲೆ ಜಿಗಕೋತ ನೆರಳಿಗೆ ಓಡಿದ್ವಿ, ಅವ್ವ ಮಾತ್ರ ಸಮಾಧಾನದಿಂದ ಪ್ರದಕ್ಷಿಣಿ ಹಾಕಿದ್ಲು, ಎಂಥಾ ಭಕ್ತಿ ನೋಡ್ರಿ ಅಂತ ಅಲ್ಲಿದ್ದ ಮಂದಿ ಅಂದ್ರು. ಸಂಜಿಮುಂದ ಮನಿಗೆ ಬಂದು ನೋಡಿದ್ರ ಎರಡೂ ಅಂಗಾಲಿಗೆ ಗುಳ್ಳಿ ಎದ್ದಿದ್ವು, ಆಕಿಗೆ ಗೊತ್ತ ಇಲ್ಲ. ಅದು ಮಾಯಲಿಕ್ಕೆ ಎಷ್ಟ ತಿಂಗಳ ಹಿಡೀತು, ಡ್ರೆಸಿಂಗ್ ಮಾಡಿಸಿ ಮಾಡಿಸಿ ಸಾಕಾಗಿ ಹೋತು.

ಇನ್ನೊಂದ ಮಾತು ಹೇಳ್ತೀನಿ, ಅವ್ವಗ ಅದಕ್ಕೂ ಮೊದಲ ವರ್ಷಗಟ್ಲೆ ಉರಿ ಇತ್ತು, ಆಮ್ಯಾಲ ತಾನ ಕಮ್ಮಿ ಆತು, ನಾವು ಆರಾಮ ಆತು ಅಂತ ಖುಷಿ ಪಟ್ವಿ. ಡಾಕ್ಟರ್ ಆಮ್ಯಾಲ ಹೇಳಿದ್ರು, ಉರಿ ತರೋ ಎಳಿನೂ ಸತ್ತಾವು ಅದಕ್ಕ ಸುಮ್ಮನಾಗೇತಿ ಅಂತ. ನಿಮ್ಮ ತಂದಿಯವರಿಗೆ ಉರಿ ತಾನ ನಿಂತರ ಖುಷಿ ಪಡಬ್ಯಾಡ್ರಿ, ಕರಕೊಂಡು ಹೋಗಿ ತೋರಸ್ರಿ. ದಿನಾ ರಾತ್ರಿ ಯಾರರ ಒಬ್ಬರು ಅಂಗಾಲು, ಬೆರಳ ಸಂದಿ ನೋಡ್ರಿ. ಬಿಸಿನೀರು ಅವರ ಕಾಲಿಲೆ ನೋಡೂದು ಬ್ಯಾಡ, ನೀವು ಕೈ ಇಟ್ಟು ನೋಡಿ ಕೊಡ್ರಿ. ಎಂಸಿಆರ್ ಚಪ್ಪಲ್ ಅಂತ ಸಿಗತಾವು, ಮೆತ್ತಗಿರತಾವು, ಹಿಂದ ಪಟ್ಟಿ ಇರೋದು ತಗೋರಿ, ಕಳಚೂದಿಲ್ಲ. ಮನಿಯೊಳಗೂ ಬರಿಗಾಲಿಲೆ ಅಡ್ಡಾಡಸಬ್ಯಾಡ್ರಿ.

ಒಂಟಿಕೊಪ್ಪಲ್_ಕಾಫಿ

ಇಷ್ಟೆಲ್ಲಾ ತಲೆ ಕೆಡಿಸ್ಕೊಬೇಡಿ ಸರ್, ಇದು ಬಿ12 ಕಮ್ಮಿ ಅಷ್ಟೇ. ನಮ್ಮ ಮಾವನಿಗೂ ಹೀಗೇ ಕಾಲು ಜೋಮು ಜೋಮು ಅಂತಿತ್ತು, ಬಿ12 ಇಂಜೆಕ್ಷನ್ ಒಂದು ಕೋರ್ಸ್ ಹಾಕಿಸಿದ್ವಿ, ಈಗ ಓಡಾಡ್ಕೊಂಡು ಚೆನ್ನಾಗಿದಾರೆ. ಹಾಕಿಸ್ಬಿಡಿ ಸಾಕು.

ಪಿಜಿ_ಹಾಸ್ಟೆಲ್

ನಾನು ಮೆಡಿಸಿನ್ ಪಿಜಿ ಮಾಡ್ತಿದೀನಿ. ಒಂಟಿಕೊಪ್ಪಲ್ ಅವರು ಹೇಳಿದ್ರಲ್ಲಿ ಅರ್ಧ ತುಂಬಾ ಮುಖ್ಯವಾದ್ದು, ಇನ್ನರ್ಧಕ್ಕೆ ನನ್ನ ಒಪ್ಪಿಗೆ ಇಲ್ಲ. ಬಿ12 ಇಲ್ದೆ ಮಯಲಿನ್ ಹೊದಿಕೆ ಚೆನ್ನಾಗಿ ಉಳಿಯಲ್ಲ, ಕಾಲಿನ ನರ ಮಾತ್ರ ಅಲ್ಲ, ಬೆನ್ನುಹುರಿಯ ಹಿಂಭಾಗದ ದಾರಿಗಳೂ ಹಾಳಾಗ್ತವೆ. ಸಸ್ಯಾಹಾರದಲ್ಲಿ ಬಿ12 ಸಿಗೋದು ಹಾಲು ಮೊಸರಿಂದ ಮಾತ್ರ ಅಂದ್ರೂ ಸರಿ, ಅದರ ಮೇಲೆ ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಅನ್ನ ವರ್ಷಗಟ್ಲೆ ತಗೊಂಡ್ರೆ ಕರುಳು ಬಿ12 ಹೀರೋದು ಇನ್ನೂ ಕಮ್ಮಿ ಆಗುತ್ತೆ. ನಮ್ಮ ಓಪಿಡಿಯಲ್ಲಿ ಎರಡೂ ಒಟ್ಟಿಗೆ ಇರೋರು ಬರ್ತಾನೇ ಇರ್ತಾರೆ, ಎಲ್ಲಾ ಶುಗರ್ ನರ ಅಂತ ಬರೆದುಬಿಟ್ರೆ ಸರಿಯಾಗೋ ಕಾಯಿಲೆ ಕೈತಪ್ಪಿ ಹೋಗುತ್ತೆ. ಹಾಗಾಗಿ ರಕ್ತದಲ್ಲಿ ಬಿ12 ಮಟ್ಟ ನೋಡ್ಸಿ, ಕಮ್ಮಿ ಇದ್ರೆ ಇಂಜೆಕ್ಷನ್‌ನಿಂದ ನಿಜವಾಗ್ಲೂ ಉಪಯೋಗ ಆಗುತ್ತೆ. ಸರಿಯಾಗಿದ್ರೆ ಎಷ್ಟು ಇಂಜೆಕ್ಷನ್ ಹಾಕಿದ್ರೂ ಸಕ್ಕರೆಯಿಂದ ಹಾಳಾದ ಎಳೆ ರಿಪೇರಿ ಆಗಲ್ಲ. ಥೈರಾಯ್ಡ್, ಕುಡಿತ, ಕೆಲವು ಔಷಧಿ, ಕುಷ್ಠ ಇವೂ ಕಾರಣ ಇರ್ಬಹುದು, ಡಾಕ್ಟ್ರು ಅದನ್ನೆಲ್ಲಾ ನೋಡೇ ನೋಡ್ತಾರೆ.

ಎನ್‌ಸಿವಿ ಬಗ್ಗೆ: ಚರ್ಮದ ಮೇಲಿಂದ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸಂಕೇತ ಎಷ್ಟು ಬೇಗ, ಎಷ್ಟು ದೊಡ್ಡದಾಗಿ ಬಂತು ಅಂತ ಅಳೀತಾರೆ. ಅದು ಅಳೆಯೋದು ದಪ್ಪ ಎಳೆಗಳನ್ನ ಮಾತ್ರ. ಉರಿ ತರೋ ಸಣ್ಣ ಎಳೆ ಮಾತ್ರ ಹಾಳಾಗಿರೋರಿಗೆ ರಿಪೋರ್ಟ್ ಪೂರ್ತಿ ನಾರ್ಮಲ್ ಬರ್ಬಹುದು, ಆವಾಗ ಮನೆಯವರು ನೋಡಿ ಏನೂ ಇಲ್ಲ ಅಂತಾರೆ, ರೋಗಿ ಕಣ್ಣೀರು ಹಾಕ್ತಾರೆ. ನಿಮ್ಮ ತಂದೆಗೆ ಚಪ್ಪಲಿ ಕಳಚೋದು ಗೊತ್ತಾಗಲ್ಲ ಅಂದ್ರೆ ಅವರಲ್ಲಿ ಏನಾದ್ರೂ ಕಾಣ್ಬಹುದು, ಆದ್ರೂ ಈ ಮಾತು ಮೊದ್ಲೇ ತಿಳ್ಕೊಂಡಿರಿ.

ತಿಪಟೂರು_ತೆಂಗು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಮೇಷ್ಟ್ರು ಬರೆದಿದ್ದನ್ನ ಅಪ್ಪಂಗೆ ಓದಿ ಹೇಳ್ದೆ, ಸಂಬಂಧಿಕರ ಗ್ರೂಪ್‌ಗೂ ಹಾಕ್ದೆ. ಇನ್ನೆರಡು ಕೇಳ್ಬೇಕು. ಒಂದು, ಅಪ್ಪ ಬೆಳಿಗ್ಗೆ ಮುಖ ತೊಳೆಯುವಾಗ ಸೋಪು ಹಚ್ಚಿ ಕಣ್ಣು ಮುಚ್ಚಿದ ತಕ್ಷಣ ವಾಲಾಡಿ ಗೋಡೆ ಹಿಡ್ಕೊಳ್ತಾರೆ, ಇದೂ ಕಾಲಿನದೇನಾ ಅಥವಾ ತಲೆಸುತ್ತಾ? ಎರಡು, ಡಾಕ್ಟ್ರು ಪ್ರಿಗ್ಯಾಬಲಿನ್ ಅಂತ ಬರೆದಿದ್ರು, ಮೆಡಿಕಲ್ ಶಾಪ್‌ನಲ್ಲಿ ಯಾರೋ ಇದು ಫಿಟ್ಸ್ ಮಾತ್ರೆ ಅಂದ್ರಂತೆ, ನನಗೇನು ಫಿಟ್ಸ್ ಇದೆಯಾ ಅಂತ ಅಪ್ಪ ಪಕ್ಕಕ್ಕೆ ಇಟ್ಬಿಟ್ಟಿದಾರೆ.

ದಾವಣಗೆರೆ_ಫಿಸಿಯೋ

ಮೊದಲನೇದಕ್ಕೆ ನಾನು ಹೇಳ್ತೀನಿ, ನಮ್ಮಲ್ಲಿ ದಿನಾ ನೋಡೋದು ಇದು. ನೆಟ್ಟಗೆ ನಿಲ್ಲೋಕೆ ಮೆದುಳಿಗೆ ಮೂರು ಕಡೆಯಿಂದ ಮಾಹಿತಿ ಬೇಕು, ಕಣ್ಣು, ಒಳಗಿವಿ, ಕಾಲಿನ ಕೀಲು ಮತ್ತೆ ಸ್ನಾಯು. ಕಾಲು ಯಾವ ಕೋನದಲ್ಲಿದೆ, ಭಾರ ಮುಂದೆ ಬಿತ್ತಾ ಹಿಂದೆ ಬಿತ್ತಾ ಅಂತ ಹೇಳೋದು ಆ ದಪ್ಪ ಎಳೆಗಳೇ, ಅದರಲ್ಲೂ ಕೆಲವು ಎಳೆ ಹೆಬ್ಬೆರಳಿಂದ ಹೊರಟು ಬೆನ್ನುಹುರಿಯೊಳಗೆ ಎಲ್ಲೂ ನಿಲ್ಲದೆ ಕತ್ತಿನ ಮೇಲೆ ಮೆದುಳಿನ ಬುಡದವರೆಗೂ ಒಂದೇ ಕೋಶವಾಗಿ ಹೋಗ್ತವೆ, ನಮ್ಮ ದೇಹದ ಅತಿ ಉದ್ದದ ಕೋಶಗಳು ಅವೇ. ಅವು ಸುಮ್ಮನಾದಾಗ ಮನುಷ್ಯ ಗೊತ್ತಿಲ್ಲದೇ ಕಣ್ಣಿನ ಮೇಲೆ ಭಾರ ಹಾಕಿ ನಿಲ್ತಾನೆ, ಕಣ್ಣು ಮುಚ್ಚಿದ್ರೆ ಅದೂ ಹೋಯ್ತು, ವಾಲಾಡ್ತಾನೆ. ನಾವು ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿ ನೋಡೋ ರೊಂಬರ್ಗ್ ಟೆಸ್ಟ್ ಇದೇ. ನೀವು ಮನೇಲಿ ಒಬ್ರೇ ಮಾಡಿಸೋಕೆ ಹೋಗ್ಬೇಡಿ, ಬಿದ್ರೆ ಕಷ್ಟ.

ಬಚ್ಚಲಲ್ಲಿ ಹಿಡ್ಕೊಳೋಕೆ ಒಂದು ಕಂಬಿ ಹಾಕಿಸಿ, ಮುಖ ಕೂತ್ಕೊಂಡು ತೊಳೀಲಿ, ರಾತ್ರಿ ದಾರಿಯಲ್ಲಿ ಸಣ್ಣ ಲೈಟ್ ಉರೀತಾ ಇರ್ಲಿ, ರಾತ್ರಿ ಎದ್ದು ತಣ್ಣೀರು ಹುಯ್ಕೊಳೋಕೆ ಹೋಗ್ತಾರೆ ಅಂದ್ರಲ್ಲ, ನನಗೆ ಉರಿಗಿಂತ ಆ ಒದ್ದೆ ಬಚ್ಚಲಿನದೇ ಭಯ. ಬ್ಯಾಲೆನ್ಸ್ ವ್ಯಾಯಾಮ ಇದೆ, ವಯಸ್ಸಾದವರೂ ಕಲೀತಾರೆ, ಉಳಿದ ಎಳೆಗಳನ್ನ ಚೆನ್ನಾಗಿ ಬಳಸೋಕೆ ಮೆದುಳು ಕಲಿತುಕೊಳ್ಳುತ್ತೆ. ಹೋದಾಗ 10 ಗ್ರಾಂ ಮೊನೊಫಿಲಮೆಂಟ್ ಟೆಸ್ಟ್ ಮಾಡಿಸಿ, ನೈಲಾನ್ ದಾರದ ತುದಿ ಅಂಗಾಲಿಗೆ ಒತ್ತಿ ಗೊತ್ತಾಯ್ತಾ ಅಂತ ಕೇಳ್ತಾರೆ, 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಹೆಬ್ಬೆರಳಿಗೆ ಇಟ್ಟೂ ನೋಡ್ತಾರೆ. ಐದು ನಿಮಿಷದ ಕೆಲಸ, ನೋವಿಲ್ಲ.

ಪಿಜಿ_ಹಾಸ್ಟೆಲ್

ಎರಡನೇದಕ್ಕೆ. ಪ್ರಿಗ್ಯಾಬಲಿನ್ ಫಿಟ್ಸ್‌ಗೂ ಕೊಡ್ತಾರೆ ಅನ್ನೋದು ನಿಜ. ಫಿಟ್ಸ್ ಅಂದ್ರೆ ಮೆದುಳಿನ ಕೋಶಗಳು ಬೇಡದೇ ಇರುವಾಗ ಒಟ್ಟಿಗೆ ಕೂಗೋದು, ಉರಿ ಅಂದ್ರೆ ಕಾಲಿನ ಎಳೆಗಳು ಬೇಡದೇ ಇರುವಾಗ ಕೂಗೋದು. ಎಳೆ ಬೆನ್ನುಹುರಿ ತಲುಪಿದ ಮೇಲೆ ಸುದ್ದಿ ಮುಂದಿನ ಕೋಶಕ್ಕೆ ಹೋಗೋದು ಕರೆಂಟ್ ಆಗಿ ಅಲ್ಲ, ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಬರುತ್ತೆ, ಆವಾಗ ಒಂದು ರಾಸಾಯನಿಕ ಹೊರಗೆ ಸುರಿಯುತ್ತೆ, ಅದು ಮುಂದಿನ ಕೋಶವನ್ನ ಎಬ್ಬಿಸುತ್ತೆ. ಈ ಮಾತ್ರೆ ಆ ಕ್ಯಾಲ್ಸಿಯಂ ಬಾಗಿಲಿಗೆ ಅಂಟ್ಕೊಂಡು ಸುರಿಯೋದನ್ನ ಕಮ್ಮಿ ಮಾಡುತ್ತೆ. ಹೀಗೇ ಕೆಲವರಿಗೆ ಡುಲೋಕ್ಸೆಟಿನ್ ಬರೀತಾರೆ, ಅದು ಡಿಪ್ರೆಶನ್ ಮಾತ್ರೆ ಅಂತ ಇನ್ನೊಂದು ಗಲಾಟೆ ಆಗುತ್ತೆ. ಮೆದುಳಿನ ಬುಡದಿಂದ ಬೆನ್ನುಹುರಿಗೆ ಇಳಿದು ಬಂದು ನೋವನ್ನ ಅದುಮೋ ನರಗಳಿವೆ, ಅವು ಬಳಸೋ ಸೆರೊಟೋನಿನ್ ಮತ್ತೆ ನಾರ್‌ಅಡ್ರಿನಲಿನ್ ಅನ್ನ ಈ ಮಾತ್ರೆ ಹೆಚ್ಚು ಹೊತ್ತು ಉಳಿಸುತ್ತೆ. ಎರಡೂ ಎಳೆಯನ್ನ ರಿಪೇರಿ ಮಾಡಲ್ಲ, ಸುದ್ದಿಯ ಜೋರು ತಗ್ಗಿಸ್ತವೆ, ಮನುಷ್ಯ ನಿದ್ದೆ ಮಾಡ್ತಾನೆ, ಅದೇ ದೊಡ್ಡದು. ಪ್ರಿಗ್ಯಾಬಲಿನ್‌ನಿಂದ ಮಂಪರು, ತೂಕಡಿಕೆ ಬರ್ಬಹುದು, ವಾಲಾಡೋ ವಿಷಯ ಡಾಕ್ಟ್ರಿಗೆ ಮೊದ್ಲೇ ಹೇಳಿ, ಕಿಡ್ನಿ ನೋಡಿ ಡೋಸ್ ಹಾಕ್ತಾರೆ. ಶುರು ಮಾಡಿದ್ಮೇಲೆ ತಾವಾಗೇ ಒಮ್ಮೆಲೇ ನಿಲ್ಲಿಸೋದು ಬೇಡ.

ಸೆಕೆಂಡ್_ಪಿಯು_ಹುಡುಗಿ

ಸರ್ ನಡುವೆ ಕೇಳ್ತಿದೀನಿ, ನರಕೋಶ ಮತ್ತೆ ಬೆಳೆಯಲ್ಲ ಅಂತ ನಮಗೆ ಕ್ಲಾಸಲ್ಲಿ ಹೇಳಿದ್ರು, ಹಾಗಾದ್ರೆ ಈ ಅಂಕಲ್‌ಗೆ ಸ್ಪರ್ಶ ವಾಪಸ್ ಬರೋದೇ ಇಲ್ವಾ?

ಪಿಜಿ_ಹಾಸ್ಟೆಲ್

ಕೋಶ ಸತ್ರೆ ಹೊಸದು ಬರೋದಿಲ್ಲ ಅನ್ನೋದು ಬಹುಮಟ್ಟಿಗೆ ಸರಿ ಪುಟ್ಟಿ, ಆದ್ರೆ ಕೋಶ ಬದುಕಿದ್ದು ಬಾಲ ಮಾತ್ರ ತುಂಡಾಗಿದ್ರೆ ಕೈಕಾಲಿನ ನರ ಮತ್ತೆ ಬೆಳೆಯುತ್ತೆ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಅಲ್ಲಿ ಮಯಲಿನ್ ಹೊದಿಕೆ ಮಾಡೋ ಶ್ವಾನ್ ಕೋಶಗಳು ಹಳೇ ದಾರಿಯನ್ನ ಹಿಡಿದಿಟ್ಟು ಹೊಸ ತುದಿಗೆ ದಾರಿ ತೋರಿಸ್ತವೆ. ಮೆದುಳು ಬೆನ್ನುಹುರಿಯಲ್ಲಿ ಹೊದಿಕೆ ಮಾಡೋ ಕೋಶಗಳೇ ಬೇರೆ, ಅವುಗಳ ಮಯಲಿನ್‌ನಲ್ಲಿ ಬೆಳವಣಿಗೆ ತಡೆಯೋ ಪ್ರೋಟೀನ್‌ಗಳಿವೆ, ಗಾಯದ ಕಲೆಯೂ ಅಡ್ಡ ಬರುತ್ತೆ, ಅದಕ್ಕೇ ಅಲ್ಲಿ ಬೆಳೆಯಲ್ಲ.

ಸಕ್ಕರೆ ಕಾಯಿಲೆಯಲ್ಲಿ ತೊಂದರೆ ಏನಂದ್ರೆ ಒಂದ್ಸಲ ಕತ್ತರಿಸಿ ಬಿಟ್ಟಿದ್ದಲ್ಲ, ದಿನಾ ಹಾಳಾಗ್ತಾ ಇರುತ್ತೆ. ಹೋಗಿದ್ದು ಪೂರ್ತಿ ವಾಪಸ್ ಬರೋದು ಕಷ್ಟ, ಮುಂದೆ ಹೋಗೋದನ್ನ ತಡೀಬಹುದು. 1993ರಲ್ಲಿ ಬಂದ ಡಿಸಿಸಿಟಿ ಅನ್ನೋ ದೊಡ್ಡ ಅಧ್ಯಯನದಲ್ಲಿ ಟೈಪ್ 1 ಇರೋರಲ್ಲಿ ಶುಗರ್ ಬಿಗಿಯಾಗಿ ಹಿಡಿದಾಗ ನರದ ತೊಂದರೆ ಸುಮಾರು ಶೇ 60ರಷ್ಟು ಕಮ್ಮಿ ಆಯ್ತು. ಟೈಪ್ 2ನಲ್ಲಿ ಲಾಭ ಅಷ್ಟು ದೊಡ್ಡದಲ್ಲ, ಆದ್ರೂ ಇದೆ, ಜೊತೆಗೆ ಬಿಪಿ, ಕೊಬ್ಬು, ಬೀಡಿ ಸಿಗರೇಟು ಎಲ್ಲಾ ನೋಡ್ಬೇಕು.

ತಿಪಟೂರು ಅವರೇ, ಒಂದು ಮಾತು ಬಾಕಿ ಇದೆ, ಇದನ್ನ ಬಿಡ್ಬೇಡಿ. ಇದೇ ಥರದ ಸಣ್ಣ ಎಳೆಗಳು ಹೃದಯ, ಹೊಟ್ಟೆ, ರಕ್ತನಾಳ, ಬೆವರು ಗ್ರಂಥಿಗಳಿಗೂ ಹೋಗ್ತವೆ. ಪಾದ ಬೆವರದೆ ಒಣಗಿ ಹಿಮ್ಮಡಿ ಒಡೆಯೋದು, ಸ್ವಲ್ಪ ತಿಂದ್ರೂ ಹೊಟ್ಟೆ ತುಂಬಿದ ಹಾಗೆ ಅನ್ನಿಸೋದು, ಎದ್ದು ನಿಂತಾಗ ಕಣ್ಣು ಕತ್ತಲೆ ಬರೋದು ಇವೆಲ್ಲಾ ಅದರಿಂದ ಆಗ್ಬಹುದು. ಹೃದಯದ ಎಳೆ ಹಾಳಾಗಿದ್ರೆ ಹಾರ್ಟ್ ಅಟ್ಯಾಕ್ ಆದ್ರೂ ಎದೆನೋವೇ ಬರ್ದೇ ಇರ್ಬಹುದು, ಬರೀ ಸುಸ್ತು, ಬೆವರು, ಉಬ್ಬಸ ಇಷ್ಟೇ. ಅವರಿಗೆ ಇದ್ದಕ್ಕಿದ್ದಂತೆ ಹಾಗಾದ್ರೆ ಎದೆನೋವು ಇಲ್ವಲ್ಲ ಅಂತ ಮನೇಲಿ ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ತಿಪಟೂರು_ತೆಂಗು

ಎದ್ದಾಗ ಕಣ್ಣು ಕತ್ತಲೆ ಬರೋದು ಇದೆ ಅಂತ ಅಮ್ಮ ಈಗ ಹೇಳಿದ್ರು, ಅಪ್ಪ ಯಾರಿಗೂ ಹೇಳಿರಲಿಲ್ಲ. ಗುರುವಾರ ಹೋಗ್ತಿದೀವಿ, ಮಲಗಿಸಿ ಒಂದ್ಸಲ ನಿಲ್ಲಿಸಿ ಒಂದ್ಸಲ ಬಿಪಿ ನೋಡಿ ಅಂತ ಕೇಳ್ತೀನಿ, ಬಿ12 ಕೂಡ ಬರೆಸ್ಕೊಳ್ತೀನಿ. ಮಾತ್ರೆ ವಿಷಯ ಡಾಕ್ಟ್ರ ಬಾಯಲ್ಲೇ ಕೇಳಿದ್ರೆ ತಗೊಳ್ತೀನಿ ಅಂದಿದಾರೆ. ಬಚ್ಚಲಿಗೆ ಕಂಬಿ ಹಾಕೋಕೆ ನಾಳೆ ವೆಲ್ಡಿಂಗ್‌ನವರು ಬರ್ತಿದಾರೆ, ಎಷ್ಟು ಎತ್ತರಕ್ಕೆ ಹಾಕ್ಬೇಕು ಫಿಸಿಯೋ ಅವರೇ?

ದಾವಣಗೆರೆ_ಫಿಸಿಯೋ

ತಂದೆಯವರನ್ನೇ ಅಲ್ಲಿ ನಿಲ್ಲಿಸಿ, ಕೈ ಸಡಿಲ ಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತೋ ಅದಕ್ಕಿಂತ ಸ್ವಲ್ಪ ಮೇಲೆ ಒಂದು ಅಡ್ಡ ಕಂಬಿ. ಗೋಡೆಗೆ ಗಟ್ಟಿಯಾಗಿ ಬೋಲ್ಟ್ ಹಾಕಿಸಿ, ಟವಲ್ ಹಾಕೋ ರಾಡ್ ಸಾಲಲ್ಲ.